ಬಿಳಿ ಬಂದೂಕಿಗೆ ಹಚ್ಚಿದ ಕಪ್ಪು

ಜೇವರ್ಗಿ
ಗುರುವಾರ

ಆಳಂದದಲ್ಲಿರುವ ಚಂದಮ್ಮ ಅಕ್ಕನವರಿಗೆ,

ಬಂದೂಕು ರಿಪೇರಿಯ ಅಮೀರನ ನಮಸ್ಕಾರ. ಈ ಪತ್ರವನ್ನು ನಿಮ್ಮ ತಂಗಿ ವಿದ್ಯಾವತಿ ಓದಿ ಹೇಳುತ್ತಾರೆ ಎಂದುಕೊಂಡು ಬರೆಯುತ್ತಿದ್ದೇನೆ. ಅವರಲ್ಲೊಂದು ವಿನಂತಿ: ಅಕ್ಕನಿಗೆ ನೋವಾಗುತ್ತದೆ ಎಂದು ಯಾವ ಸಾಲನ್ನೂ ಬಿಡಬೇಡಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ಕಲ್ಲಿನಾಥ ಅವರು ತೊಗರಿ ಹೊಲದ ಬದುವಿನ ಮೇಲೆ ಗುಂಡು ತಗುಲಿ ಬಿದ್ದ ಬೆಳಿಗ್ಗೆ ನೀವು ದೂರದಿಂದ ಕಂಡದ್ದು ಬಿಳಿ ಬಂದೂಕೇ. ಅದು ನಿಮ್ಮೂರಿನ ಶಾಂತಲಿಂಗಪ್ಪ ಗೌಡರದು. ಅದನ್ನು ಕಪ್ಪು ಮಾಡಿದವನು ನಾನು.

ಗೌಡರು ಅದನ್ನು ಚೀಲದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದದ್ದು ಆ ಸಾವಿನ ಮೂರನೆಯ ದಿನ. ಯಡ್ರಾಮಿ ಕಡೆ ಹಂದಿ ಬೇಟೆಯಲ್ಲಿ ಯಾರೋ ಸತ್ತರಂತೆ ಎಂದಷ್ಟೇ ನಾನು ಕೇಳಿದ್ದೆ. "ಅಮೀರ, ಇದು ಸ್ಟೀಲ್ ಚರಗಿ ಹಂಗ ಕಾಣ್ತದ. ನಮ್ಮಪ್ಪನ ಬಂದೂಕಿಗೆ ಇತ್ತಲ್ಲ, ಹಂಥಾ ನೀಲಿಗಪ್ಪು ಬಣ್ಣ ಬರಬೇಕು. ಎಂಟು ದಿನದಾಗ ಕೊಡು," ಎಂದರು. ಅವಸರವೇಕೆಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳುವ ಮನಸ್ಸೇ ಇರಲಿಲ್ಲ. ಕೆಲಸ ನೋಡಿ ನನಗೆ ಹುರುಪು ಬಂದಿತ್ತು.

ಹಳೆಯ ಬಂದೂಕಿನ ಉಕ್ಕಿಗೆ ಆ ಬಣ್ಣ ಕೊಡುವುದು ಕಷ್ಟವಲ್ಲ. ಅದು ತುಕ್ಕು ಹಿಡಿಯುವ ಉಕ್ಕು, ಔಷಧ ಹಾಕಿದರೆ ಬಣ್ಣ ಕುಡಿಯುತ್ತದೆ. ಸ್ಟೇನ್‌ಲೆಸ್ ಏನನ್ನೂ ಕುಡಿಯುವುದಿಲ್ಲ. ನಾನು ಅದರ ಹೊಳಪನ್ನೆಲ್ಲ ಮರಳು ಹೊಡೆದು ತೆಗೆದೆ, ಎಣ್ಣೆಯ ಪಸೆ ಉಳಿಯದಂತೆ ತೊಳೆದೆ, ಲೇಪ ಸಿಂಪಡಿಸಿ ಭಟ್ಟಿಯಲ್ಲಿ ಸುಟ್ಟೆ. ಮೊದಲ ಸಲ ತವೆಯ ಮಸಿಯಂತೆ ಬಂತು. ಕೆರೆದು ಮತ್ತೆ ಮಾಡಿದೆ. ಮೂರನೆಯ ಸಲ, ಹತ್ತಿ ಬಟ್ಟೆಯಿಂದ ತಿಕ್ಕುತ್ತ ತಿಕ್ಕುತ್ತ, ಕಪ್ಪಿನ ಒಳಗಿನಿಂದ ನೀಲಿ ಎದ್ದು ಬಂತು. ಅರವತ್ತು ವರ್ಷದ ಹಳೆಯ ಬಂದೂಕು ಎಂದರೆ ನನ್ನ ಉಸ್ತಾದರೂ ನಂಬುತ್ತಿದ್ದರು. ಮಾಡುವ ಮೊದಲು ಒಂದು, ಮಾಡಿದ ಮೇಲೆ ಒಂದು, ನಂಬರು ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ನೀವು ಪೊಲೀಸರ ಮುಂದೆ ನಿಂತು ಬಿಳಿ ಬಂದೂಕು, ಬಿಳಿ ಬಂದೂಕು ಎನ್ನುತ್ತಿದ್ದ ದಿನಗಳಲ್ಲೇ.

ಆಮೇಲಿನದು ನಿಮಗೇ ಗೊತ್ತು. ಪೊಲೀಸರಿಗೆ ಗೌಡರ ಮನೆಯಲ್ಲಿ ಸಿಕ್ಕದ್ದು ಕಪ್ಪು ಬಂದೂಕು. ಲೈಸೆನ್ಸ್ ಪುಸ್ತಕದಲ್ಲಿ ನಂಬರು ಇರುತ್ತದೆ, ಬಣ್ಣ ಇರುವುದಿಲ್ಲ. ಮೈ ತೂರಿ ಹೋದ ಗುಂಡು ಎಷ್ಟು ಹುಡುಕಿದರೂ ಸಿಗಲಿಲ್ಲ.

ಬೇಸಿಗೆಯಲ್ಲಿ ನೀವು ನನ್ನ ಅಂಗಡಿಗೆ ಬಂದಿರಿ. ಬಿಸಿಲಿಗೆ ಮುಖ ಬಾಡಿತ್ತು. "ಅಫಜಲಪುರದಾಗ ಕೇಳಿದೆ, ಕಲಬುರಗ್ಯಾಗ ಕೇಳಿದೆ. ಬೆಳ್ಳಿ ಹಂಗ ಹೊಳಿಯೋ ಬಂದೂಕ ರಿಪೇರಿಗಿ ಬಂದಿತ್ತೇನ್ರಿ ಅಣ್ಣಾ?" ಎಂದಿರಿ. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ಮೊಬೈಲು ನನ್ನ ಜೇಬಿನಲ್ಲೇ ಇತ್ತು. "ಇಲ್ಲವ್ವಾ, ನಮ್ಮ ಕಡೆ ಅಂಥಾದ್ದು ಬಂದಿಲ್ಲ," ಎಂದೆ. ನೀವು ನೀರು ಕೇಳಿದಿರಿ. ಕೊಟ್ಟೆ. ಕುಡಿದು, "ನಿಮಗ ಪುಣ್ಯ ಬರಲಿ," ಎಂದು ಹೇಳಿ ಹೋದಿರಿ.

ಗೌಡರ ಹೆದರಿಕೆ ಇತ್ತು. ಅಂಗಡಿಯ ಲೈಸೆನ್ಸ್ ಹೋದೀತೆಂಬ ಹೆದರಿಕೆಯೂ ಇತ್ತು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ನನ್ನ ಹೆಂಡತಿ ಹಜರಾಬಿ ಅಂದು ಊಟಕ್ಕೆ ಬಡಿಸುತ್ತ, "ಆಕಿ ಕಣ್ಣಾಗ ಕಣ್ಣಿಟ್ಟು ಇಲ್ಲ ಅಂದ್ರಲ್ಲ, ಹ್ಯಾಂಗ ಬಂತ್ರಿ ಬಾಯಿ?" ಎಂದಳು. ನಾನು ತಟ್ಟೆ ಸರಿಸಿ ಎದ್ದೆ. ಆಕೆ ಮತ್ತೆ ಕೇಳಲಿಲ್ಲ. ಐದು ತಿಂಗಳು ಹಾಗೇ ಕಳೆದೆವು.

ಆಮೇಲೆ ನಿಮ್ಮೂರಿನವರೊಬ್ಬರು ಅಂಗಡಿಯಲ್ಲಿ ಕುಳಿತು ನಿಮ್ಮ ಬಗ್ಗೆ ಹೇಳಿದರು: "ಆಕಿ ತಲಿ ಕೆಟ್ಟದ್ರಿ. ಬಿಸಿಲಾಗ ಕಣ್ಣು ಮಂಜಾಗಿತ್ತು, ನಾ ತಪ್ಪು ನೋಡಿರಬೇಕು ಅಂತ ಪೊಲೀಸರ ಕಾಗದಕ್ಕ ಹೆಬ್ಬೆಟ್ಟು ಒತ್ತಿ ತವರಿಗಿ ಹೋದಳು. ಕೇಸ್ ಮುಚ್ಚಿತು." ಅವರು ನಕ್ಕರು. ಗಂಡನನ್ನು ಕಳೆದುಕೊಂಡ ನಿಮ್ಮಿಂದ ನಿಮ್ಮ ಕಣ್ಣಿನ ಮೇಲಿನ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ. ಅಂಗಡಿ ಮುಚ್ಚಿ, ಸೀದಾ ವಕೀಲರ ಬಳಿಗೆ ಹೋದೆ.

ನನ್ನ ಹೇಳಿಕೆಯ ಮೇಲೆ ಪೊಲೀಸರು ಹೋದ ವಾರ ಗೌಡರ ಬಂದೂಕನ್ನು ತರಿಸಿದರು. ಅಧಿಕಾರಿಗಳ ಮುಂದೆ, ನನ್ನ ಕೈಯಿಂದಲೇ, ನಳಿಗೆಯ ಮೇಲೆ ಒಂದು ಗೇಣಿನಷ್ಟು ಲೇಪ ಕೆರೆಸಿದರು. ಹದಿನೈದು ನಿಮಿಷ ಹಿಡಿಯಿತು. ಕೆಳಗಿನಿಂದ ಬಿಳಿ ಉಕ್ಕು ಕಂಡಾಗ ಗೌಡರು, "ಬಣ್ಣ ಹಚ್ಚಸೋದು ಗುನ್ಹೆ ಏನ್ರಿ?" ಎಂದರು, ಅಷ್ಟೇ. ಅವರ ದನಿ ಸ್ವಲ್ಪವೂ ನಡುಗಲಿಲ್ಲ.

ಕೇಸು ಮತ್ತೆ ತೆರೆದಿದೆ. ಶಿಕ್ಷೆ ಆಗಿಯೇ ಆಗುತ್ತದೆ ಎಂದು ನಾನು ಹೇಳಲಾರೆ. ನೀವು ಅಂಗಡಿಗೆ ಬಂದ ದಿನವೇ ನಾನು ಬಾಯಿ ಬಿಟ್ಟಿದ್ದರೆ ಆ ಗುಂಡನ್ನು ಹೊಲದಲ್ಲಿ ಮತ್ತೊಮ್ಮೆ ಹುಡುಕುತ್ತಿದ್ದರೇನೋ ಎಂದು ವಕೀಲರು ಹೇಳಿದರು. ಈಗ ಆ ನೆಲವನ್ನು ಟ್ರ್ಯಾಕ್ಟರ್ ಹೊಡೆದು ಬಿತ್ತಿದ್ದಾರೆ. ಆ ಐದು ತಿಂಗಳು ನನ್ನ ಲೆಕ್ಕಕ್ಕೇ ಸೇರಿದವು. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಎರಡು ದಿನದಿಂದ ಮೋಟರ್ ಸೈಕಲ್ ಮೇಲೆ ಇಬ್ಬರು ನಮ್ಮ ಮನೆಯ ಎದುರು ಬಂದು ನಿಲ್ಲುತ್ತಿದ್ದಾರೆ. ನೀವು ಅದಕ್ಕೆ ಅಂಜಬೇಡಿ. ನನ್ನ ಹೇಳಿಕೆಯನ್ನು ನ್ಯಾಯಾಧೀಶರು ಬರೆದುಕೊಂಡು ಸಹಿ ಮಾಡಿಸಿದ್ದಾರೆ, ಫೋಟೋಗಳೂ ಅವರ ಹತ್ತಿರ ಇವೆ. ನಾಳೆ ನಾನು ಇಲ್ಲದಿದ್ದರೂ ಕಾಗದ ಇರುತ್ತದೆ.

ಮುಂದಿನ ತಿಂಗಳು ಹತ್ತನೆಯ ತಾರೀಖಿಗೆ ನಿಮ್ಮನ್ನು ಇಲ್ಲಿಯ ಕೋರ್ಟಿಗೆ ಕರೆಸುತ್ತಾರೆ. ಬಸ್‌ಸ್ಟ್ಯಾಂಡಿಗೆ ಹಜರಾಬಿ ಬಂದು ನಿಮ್ಮ ಜೊತೆಗಿರುತ್ತಾಳೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ನಾನು ದೂರ ನಿಲ್ಲುತ್ತೇನೆ. ಆ ಬೆಳಿಗ್ಗೆ ಏನು ಕಂಡಿರಿ ಎಂದು ಅವರು ಮತ್ತೆ ಕೇಳುತ್ತಾರೆ. ತಲೆ ತಗ್ಗಿಸಬೇಡಿ ಅಕ್ಕಾ. ಕಂಡದ್ದನ್ನು ಕಂಡ ಹಾಗೆ, ಕೋರ್ಟಿನ ಹೊರಗೆ ನಿಂತವರಿಗೂ ಕೇಳುವಷ್ಟು ಜೋರಾಗಿ ಹೇಳಿ.

ನಿಮ್ಮನ್ನೂ ನಿಮ್ಮ ಮಗಳು ಸೃಷ್ಟಿಯನ್ನೂ ದೇವರು ಕಾಯಲಿ.

ನಿಮಗೆ ಸುಳ್ಳು ಹೇಳಿದ
ಅಮೀರ