ಅಣ್ಣನ ಪಾಲಿನ ಹಾಲು

ಕಸಬೆ ಡಿಗ್ರಜ
ಶ್ರಾವಣದ ಮೊದಲ ದಿನ

ಅಣ್ಣಾ ದಾದಾಸಾಹೇಬಾ,

ಪ್ರತಿ ಪತ್ರವನ್ನೂ ‘ಇತ್ತ ಎಲ್ಲರೂ ಕ್ಷೇಮ’ ಎಂದೇ ಶುರು ಮಾಡುತ್ತಿದ್ದೆ. ಇವತ್ತು ಆ ಸುಳ್ಳು ಬರೆಯಲಾರೆ.

ಹಾಲಿನ ಸಂಘದ ಚೇರ್ಮನ್ನನನ್ನು ಆರಿಸುವ ಮುಂಚೆ ಮತ ಹಾಕುವ ಸಂಚಾಲಕರನ್ನೆಲ್ಲ ಸಹಲಿಗೆಂದು, ಪ್ರವಾಸದ ನೆಪದಲ್ಲಿ, ದೂರ ಒಯ್ದು ಇಡುವುದು ನಮ್ಮ ಕಡೆ ರೂಢಿಯೇ. ಎದುರು ಪ್ಯಾನೆಲ್ಲಿನವರ ಕೈಗೆ ಸಿಗಬಾರದಲ್ಲ! ಹೆಂಗಸರ ಜಾಗಕ್ಕೆ ನನ್ನನ್ನು ನಿಲ್ಲಿಸಿ ಗೆಲ್ಲಿಸಿದವನೂ ನೀನೇ. ‘ನಡಿ ಇಂದ್ರವ್ವಾ, ಸಮುದ್ರ ತೋರಸ್ತೀನಿ’ ಅಂದೆ. ಹುಚ್ಚಿ ನಾನು, ಹೊಸ ಸೀರೆ ಉಟ್ಟು ಹೊರಟೆ. ಘಟ್ಟ ಇಳಿದು, ಕಾಡು ದಾಟಿ, ಕೊಂಕಣದ ಆ ಊರು ಮುಟ್ಟಿದಾಗ ತಿಳಿಯಿತು. ಮೂರು ಕಡೆ ಗುಡ್ಡ, ಒಂದು ಕಡೆ ಕಡಲು, ಬಾಗಿಲಿಗೆ ನಿನ್ನ ಹುಡುಗರು. ಸುಡುಗಾಡು ಸಹಲು!

ಸಂಚಾಲಕರಲ್ಲಿ ಜಟ್ಟೆಪ್ಪ ಒಬ್ಬನೇ ಬಾಯಿ ಬಿಟ್ಟ. ‘ಸಾಹೇಬ್ರ, ನನ್ನ ಮತ ನಿಮಗಿಲ್ರಿ. ನಿಮ್ಮ ಅನ್ನ ಉಂಡು ಸುಳ್ಳ ಹೇಳಾಂಗಿಲ್ಲ. ಮನೀಗೆ ಹೊಂಟೇನಿ’ ಎಂದು ಮಳೆಯಲ್ಲೇ ನಡೆದ. ಮಳೆಗಾಲಕ್ಕೆ ದಂಡೆಗೆ ಎಳೆದಿಟ್ಟಿದ್ದ ದೋಣಿಯಿಂದ ನೀನು ಹುಟ್ಟು ಎಳೆದುಕೊಂಡೆ. ಮೊದಲ ಏಟು ಮೊಣಕಾಲಿಗೆ. ಬಿದ್ದ ಮೇಲೆ ಪಕ್ಕೆಗೆ, ಮುಖಕ್ಕೆ, ತಲೆಗೆ. ಎಲುಬು ಮುರಿದದ್ದು ನನಗೆ ಕೇಳಿಸಿತು. ನಾನು ನಿನ್ನ ತೋಳಿಗೆ ಜೋತುಬಿದ್ದೆ, ನೀನು ನನ್ನನ್ನು ಒದ್ದು ಕೆಡವಿದೆ. ‘ಯವ್ವಾ, ಸಾಕು ಅಂತ ಹೇಳ ನಿಮ್ಮಣ್ಣಗ’ ಎಂದು ಅವನು ನನ್ನ ಕಡೆ ಕೈ ಚಾಚಿದ. ಆ ಕೈಗೂ ನೀನು ಹೊಡೆದೆ. ಘಟ್ಟ ಹತ್ತುವಾಗ ಜೀಪಿನಲ್ಲಿ, ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ. ಹೊಸ ಸೀರೆ ಎಷ್ಟು ಒಗೆದರೂ ರಕ್ತ ಬಿಡಲಿಲ್ಲ, ಸುಟ್ಟೆ.

ಬಂಡೆಯಿಂದ ಜಾರಿಬಿದ್ದ ಎಂದು ಎಲ್ಲರ ಬಾಯಲ್ಲೂ ಹೇಳಿಸಿ ನೀನು ಚೇರ್ಮನ್ ಆದೆ. ನಿನ್ನ ಮೈತುಂಬ ಗೆಲುವಿನ ಗುಲಾಲು ನೋಡಿ ನಾನು ಅಲ್ಲಿಂದ ಎದ್ದು ಬಂದೆ.

ನಿನ್ನೆ ಠಾಣೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿ ಬಂದೆ. ‘ಬಾಯಿ, ನಿಮ್ಮ ಸ್ವಂತ ಅಣ್ಣ ಅಲ್ಲೇನ್ರಿ?’ ಎಂದ ಫೌಜದಾರ. ‘ಹೌದ್ರಿ. ಅದಕ್ಕ ನಾನೇ ಹೇಳಬೇಕು’ ಎಂದೆ. ನಿನ್ನ ಹುಡುಗರನ್ನು ನನ್ನ ಮನೆಗೆ ಕಳಿಸುವುದಿದ್ದರೆ ಕಳಿಸು. ಹೇಳುವುದನ್ನು ಹೇಳಿ ಆಗಿದೆ.

ಪಂಚಮಿಗೆ ಕರೆಯಲು ಬರಬೇಡ. ನಾಗಪ್ಪನಿಗೆ ಹಾಲೆರೆಯುವಾಗ ‘ಅಣ್ಣನ ಪಾಲು’ ಎಂದು ವರ್ಷವೂ ನಿನ್ನ ಆಯುಷ್ಯ ಬೇಡಿದವಳು ನಾನು. ಈ ವರ್ಷವೂ ಎರೆಯುತ್ತೇನೆ, ಬೇಡುತ್ತೇನೆ. ಬೇಗ ಸತ್ತು ಪಾರಾಗಬೇಡ. ನೂರು ವರ್ಷ ಬಾಳಿ, ಅಷ್ಟನ್ನೂ ಜೈಲಿನಲ್ಲೇ ಕಳೆ.

ನಿನ್ನ ಬೆನ್ನಿಗೆ ಹುಟ್ಟಿದ,
ಇಂದ್ರವ್ವ