ಹಳೆಯ ಸ್ಪ್ರಿಂಗ್‌ಗಳು

ಅಕ್ಟೋಬರ್ 10
ಶಾಲೆಯ ಅಡುಗೆ, ಮಿಸೊ ಸಾರು, ರಾಶಿ ಪಾತ್ರೆ. ಬರುವಾಗ ಗುಡ್ಡದ ತಿರುವಿನಲ್ಲಿ ಸ್ಟೀರಿಂಗ್ ಮತ್ತೆ ಬಿಗಿಯಾಯಿತು. ಹಿಮ ಬೀಳುವ ಮೊದಲು ಸರಿಯಾಗಬೇಕು. ಈ ಊರಲ್ಲಿ ಕಾರಿಲ್ಲದಿದ್ದರೆ ಕೆಲಸವೂ ಇಲ್ಲ.

ಅಕ್ಟೋಬರ್ 14
ಶೋರೂಮ್. ಸರ್ವಿಸ್‌ನ ಕೊಮಾತ್ಸುಬಾರ ನನ್ನನ್ನು ಇನ್ನೂ ಗಂಡನ ಮನೆಯ ಹೆಸರಿನಿಂದಲೇ ಕರೆದ. ತಿದ್ದಲಿಲ್ಲ. ಬಗ್ಗಿ ಕಾರಿನ ಕೆಳಗೆ ನೋಡಿ ಮುಖ ಸಣ್ಣದು ಮಾಡಿದ. ಜೊತೆಗಿದ್ದಾಗ ಕಾರು ತಗ್ಗಿ ಚೆಂದ ಕಾಣಲೆಂದು ಶುನ್‌ಪೇ ಹಾಕಿದ್ದ ಗಿಡ್ಡ ಸ್ಪ್ರಿಂಗ್‌ಗಳು! ಇಷ್ಟು ತಗ್ಗಿಸಿದ ಕಾರನ್ನು ವರ್ಕ್‌ಶಾಪಿನ ಒಳಗೇ ಬಿಡುವ ಹಾಗಿಲ್ಲವಂತೆ.
“ವಾರಂಟಿ ಇನ್ನೂ ಇದೆ ಮೇಡಂ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೆ ಮಾಡಿಸ್ಕೊಂಡು ಬನ್ನಿ, ಆಮೇಲೆ ಸ್ಟೀರಿಂಗ್ ನೋಡ್ತೀವಿ. ಹಳೇ ಸ್ಪ್ರಿಂಗ್ ಇಟ್ಕೊಂಡಿದೀರಲ್ಲ?”
ಎಲ್ಲರೂ ಇಟ್ಟುಕೊಂಡಿರುತ್ತಾರೆ. ನಮ್ಮವೂ ಇವೆ — ಅವನ ಅಮ್ಮನ ಮನೆಯ ಶೆಡ್ಡಿನಲ್ಲಿ. ಬೇರೆಯಾಗುವಾಗ ಅನ್ನದ ಕುಕ್ಕರಿಗೂ ಜಗಳವಾಡಿದ್ದೆವು. ಸ್ಪ್ರಿಂಗ್ ಇಬ್ಬರಿಗೂ ನೆನಪಾಗಲಿಲ್ಲ.

ಅಕ್ಟೋಬರ್ 25
ಕೊನೆಗೂ ಶುನ್‌ಪೇಗೆ ಫೋನ್ ಮಾಡಿದೆ. ಎರಡು ವರ್ಷದ ಮೇಲೆ. ಭಾನುವಾರ ತಾನೇ ಬಂದು ಹಾಕಿಕೊಡುತ್ತೇನೆ ಎಂದ. ಬೇಡ, ಕಳಿಸಿದರೆ ಸಾಕು ಎನ್ನಬೇಕೆಂದಿದ್ದೆ... ಎನ್ನಲಿಲ್ಲ.

ಅಕ್ಟೋಬರ್ 29, ಭಾನುವಾರ
ಬಂದ. ಮಧ್ಯಾಹ್ನವೆಲ್ಲ ಕಾರಿನ ಕೆಳಗೇ ಇದ್ದ. ಚಹಾಕ್ಕೆ ಒಳಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲದಲ್ಲಿ ತೂತು. ನೋಡಿಕೊಳ್ಳುವವರು ಯಾರೂ ಇಲ್ಲ ಅನ್ನಿಸಿ ಖುಷಿಯಾಯಿತು. ನಾಚಿಕೆಯೂ ಆಯಿತು. ಗಿಡ್ಡ ಸ್ಪ್ರಿಂಗ್‌ಗಳನ್ನು ತನ್ನ ವ್ಯಾನಿಗೆ ಹಾಕಿಕೊಂಡ. ಹೊರಡುವಾಗ ಅಂದದ್ದು ಇಷ್ಟೇ:
“ಹಿಂದೆ ಎಡಗಡೆ ಶಬ್ದ ಗಿಬ್ದ ಬಂದ್ರೆ ಫೋನ್ ಮಾಡು. ಸುಮ್ನೆ ಓಡಿಸ್ಬೇಡ, ಚಿಜುರು.”
ಎರಡು ಲೋಟ ತೊಳೆದಿಟ್ಟೆ.

ನವೆಂಬರ್ 4
ಸ್ಟೀರಿಂಗ್ ವಾರಂಟಿಯಲ್ಲೇ ಸರಿಹೋಯಿತು. ಕೊಮಾತ್ಸುಬಾರ ಗೇಟಿನ ತನಕ ಬಂದು ತಲೆಬಾಗಿ ಕಳಿಸಿದ. ಕಾರು ಈಗ ಎತ್ತರ, ಹತ್ತಿಳಿಯಲು ಸುಲಭ. ಯಾರದೋ ಕಾರು ಓಡಿಸಿದ ಹಾಗಿದೆ.

ನವೆಂಬರ್ 12
ಶಬ್ದವಿಲ್ಲ.

ನವೆಂಬರ್ 19
ನದಿ ಪಕ್ಕದ ಕಲ್ಲುದಾರಿಯಲ್ಲಿ ಬೇಕೆಂದೇ ಜೋರಾಗಿ ಓಡಿಸಿದೆ. ರೇಡಿಯೊ ಆಫ್ ಮಾಡಿ ಕಿವಿಗೊಟ್ಟೆ. ಏನೂ ಇಲ್ಲ. ಎಷ್ಟು ಅಚ್ಚುಕಟ್ಟಾಗಿ ಹಾಕಿದ್ದಾನೆ, ಹಾಳಾದವನು.

ನವೆಂಬರ್ 26, ಸಂಜೆ
ಬಂತು. ಹಿಂದೆ, ಎಡಗಡೆ — ಟಕ್, ಟಕ್. ಕಾರು ನಿಲ್ಲಿಸಿ ಡಿಕ್ಕಿ ತೆಗೆದೆ.
ಕೊಡೆ ಉರುಳುತ್ತಿತ್ತು.
ಅದನ್ನು ಅಲ್ಲೇ ಬಿಟ್ಟು ಡಿಕ್ಕಿ ಮುಚ್ಚಿದೆ. ಈಗ ಫೋನ್ ಪಕ್ಕದಲ್ಲಿದೆ. ಹೇಗೆ ಹೇಳುವುದೆಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಶುನ್‌ಪೇ, ನಾನು. ನೀನು ಹೇಳಿದ್ದೆಯಲ್ಲ, ಹಿಂದೆ ಎಡಗಡೆ ಏನೋ —