ಡಿಮ್ ಸಮ್ ತಿನ್ನುವಾಗ ಬಂದ ಫೋನ್

ನವೆಂಬರ್ ೨೦, ಗುರುವಾರ

ಅಮ್ಮ ಫೋನ್ ಮಾಡಿದಳು! ರೂಬನ್‌ನನ್ನು ಮದುವೆಯಾದೆನೆಂದು ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದ ಮುಂಬೈಯಲ್ಲಿರುವ ನನ್ನ ಅಮ್ಮ!

ಮಧ್ಯಾಹ್ನ ನಾನೂ ರೂಬನ್ನೂ ನಮ್ಮ ಬೀದಿಯ ಹೊಸ ಹೋಟೆಲಿಗೆ ಡಿಮ್ ಸಮ್ ಎಂಬ ಚೀನೀ ಕಡುಬು ತಿನ್ನಲು ಹೋಗಿದ್ದೆವು. ಹಬೆಯಾಡುವ ಬಿದಿರು ಬುಟ್ಟಿಯ ಫೋಟೊ ಸ್ಟೇಟಸ್‌ಗೆ ಹಾಕಿ ಎರಡು ನಿಮಿಷವೂ ಆಗಿರಲಿಲ್ಲ, ಅಮ್ಮನ ಫೋನ್ ಬಂತು.

"ಅದರೊಳಗೆ ಎಂತ, ಸಿಗಡಿಯಾ? ರೂಬನ್‌ಗೆ ಕೊಡಬೇಡ ಮಾರಾಯ್ತಿ, ಅವನಿಗೆ ಮೈಯೆಲ್ಲ ತುರಿಸ್ತದೆ!"

"ಕೋಳಿ ಅಮ್ಮಾ. ನಿನಗೆ ಹೇಗೆ ಗೊತ್ತು?"

"ಅವನ ಅಮ್ಮ ಹೇಳಿದ್ದು. ನಾವು ದಿನಾ ಮಾತಾಡ್ತೇವೆ."

ದಿನಾ! ಅತ್ತೆ ನನ್ನೊಟ್ಟಿಗೆ ಒಂದೇ ಮನೆಯಲ್ಲಿದ್ದಾರೆ, ಒಂದು ಸುಳಿವೂ ಕೊಟ್ಟಿಲ್ಲ.

"ನೀನೇ ಫೋನ್ ಮಾಡ್ತಿ ಅಂತ ಕಾದೆ," ಎಂದಳು ಅಮ್ಮ. ಇಷ್ಟು ದಿನ ನಾನೂ ಅವಳ ಫೋನಿಗೇ ಕಾದಿದ್ದೆ.

ಇನ್ನು ಕಾಯುವುದಿಲ್ಲವಂತೆ. ಟಿಕೆಟ್ ಆಗಿದೆಯಂತೆ. ಭಾನುವಾರ ಬೆಳಿಗ್ಗೆ ಇಲ್ಲಿ ಬಂದಿಳಿಯುತ್ತಾಳೆ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲಿನಲ್ಲಿ.